ಓಡೋದು ಗಳಿಗೆ, ಸಾಕೋದು ಜನ್ಮ

ಕಾರಹುಣ್ಣಿಮೆಗೆ ಎತ್ತು ಓಡುತ್ತದೆ. ಜಾತ್ರೆಗೆ ಟ್ರ್ಯಾಕ್ಟರ್ ಜಗ್ಗಾಡುತ್ತದೆ. ಜುಲೈ ಎರಡನೇ ಭಾನುವಾರ ಹಳೇ ಜಾವಾಗಳ ಹಬ್ಬ. ಡೆಟ್ರಾಯಿಟಿನ ಮಸಲ್ ಕಾರಿಗೂ ಆಳಂದದ ಎರೆನೆಲಕ್ಕೂ ಎಲ್ಲಿಯ ನಂಟು? ಹುಡುಕುತ್ತ ಹೋದರೆ ಸಿಗುವುದು ಒಂದೇ ಮಾತು: ಸಾಕೋದು!

ಹೊತ್ತು ಇಳಿಯುತ್ತಿತ್ತು. ಆಳಂದ ತಾಲ್ಲೂಕಿನ ಮಟಕಿಯ ಅಗಸಿಗೆ ಅಡ್ಡಲಾಗಿ ಬೇವಿನ ತಪ್ಪಲಿನ ಕರಿ ಕಟ್ಟಿದ್ದರು. ಹಲಗಿ ಬಡಿತ ಏರುತ್ತಿತ್ತು. ಕೋಡಿಗೆ ಬಣ್ಣ, ಬೆನ್ನಿಗೆ ಝೂಲ, ಕೊರಳಿಗೆ ಗೆಜ್ಜಿಸರ ಹಾಕಿಸಿಕೊಂಡ ಎತ್ತುಗಳು ಮೂಗುದಾರ ಜಗ್ಗುತ್ತ, ಮಣ್ಣು ಕೆದರುತ್ತ ನಿಂತಿದ್ದವು. ಕಾರಹುಣ್ಣಿಮೆಯ ಸಂಜೆ. ಮೊದಲು ನುಗ್ಗಿ ಕರಿ ಹರಿಯುವ ಎತ್ತಿನ ಬಣ್ಣದಲ್ಲಿ ಆ ವರ್ಷದ ಬೆಳೆಯ ಭವಿಷ್ಯ ಇರುತ್ತದೆ. ಬಿಳಿ ಎತ್ತು ಮುಂದಾದರೆ ಬಿಳಿಜೋಳ, ಕೆಂದೆತ್ತು ಮುಂದಾದರೆ ಕೆಂಪು ಕಾಳು.

ನಮ್ಮ ಕಾಕಾನ ಜೋಡಿಯೂ ಸಾಲಿನಲ್ಲಿತ್ತು. ಕಾಕಾ ಮಾತ್ರ ಇರಲಿಲ್ಲ. ಇಪ್ಪತ್ತು ಮಾರು ಆಚೆ ಬೇವಿನ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ತನ್ನ ಕಪ್ಪು ರೋಡ್‌ಕಿಂಗ್ ಯೆಜ್ಡಿಯ ಪ್ಲಗ್ ಬಿಚ್ಚಿ ಧೋತರದ ಚುಂಗಿನಿಂದ ಒರೆಸುತ್ತಿದ್ದ. ಯಾರೋ ಕೂಗಿದರು. "ಬಂದೆ ಬಂದೆ" ಎನ್ನುತ್ತ ಪ್ಲಗ್ ಬಿಗಿದು ಎದ್ದ. ಗೇರಿನ ಕಡ್ಡಿಯನ್ನೇ ಒಳಗೊತ್ತಿ ಮೇಲಕ್ಕೆ ತಿರುವಿದ. ಯೆಜ್ಡಿಯಲ್ಲಿ ಗೇರೂ ಅದೇ, ಕಿಕ್ಕೂ ಅದೇ. ಒಮ್ಮೆ ಒದ್ದ. ಮತ್ತೊಮ್ಮೆ ಒದ್ದ. ಮೂರನೆಯದಕ್ಕೆ ಗಾಡಿ ಢಣ್ಣನೆ ಎದ್ದು, ನೀಲಿ ಹೊಗೆ ಅಗಸಿಯ ಕಡೆ ಹರಿಯಿತು.

ಎತ್ತುಗಳಿಗೆ ಅಷ್ಟೇ ಸಾಕಾಯಿತು. ಕಾಯಿ ಒಡೆದಿರಲಿಲ್ಲ, ಗೌಡರು ಕೈ ಎತ್ತಿರಲಿಲ್ಲ. ಸಾಲಿಗೆ ಸಾಲೇ ಹಗ್ಗ ಕಿತ್ತುಕೊಂಡು ನುಗ್ಗಿತು. ಕರಿ ಹರಿಯಿತು. ಹರಿದದ್ದು ಬಿಳಿದೋ ಕೆಂದೋ ನೋಡಿದವರೇ ಇಲ್ಲ.

ಜಗಳ ಕಟ್ಟೆಗೆ ಬಂತು. ಎಲ್ಲರೂ ಕೂಗಾಡಿ ದಣಿದ ಮೇಲೆ ಮುತ್ಯಾ ತೀರ್ಪು ಕೊಟ್ಟ: "ಕರೀ ಗಾಡಿನೇ ಕರಿ ಹರದದ. ಈ ವರ್ಸ ಉದ್ದು ಛಲೋ ಬೆಳೀತದ. ನಡೀರಿ ಮನಿಗಿ."

ದೇವಣಿಯ ಎಳೆತ, ಕಿಲಾರಿಯ ಓಟ

ನಾನಾಗ ನಾಲ್ಕನೇ ಇಯತ್ತೆ. ಓಟ, ಎಂಜಿನ್ನು, ಶರ್ಯತ್ತು ಎಂಬ ಮೂರೂ ಒಂದೇ ಸಂಜೆಗೆ ತಲೆಗೆ ಹೊಕ್ಕವು. ಆಮೇಲೆ ಪತ್ರಿಕೆಗಳಲ್ಲಿ ಅಮೆರಿಕದ ಮಸಲ್ ಕಾರುಗಳ ಚಿತ್ರ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುವಾಗಲೂ ಅವು ಅಪರಿಚಿತ ಅನಿಸಲಿಲ್ಲ. ಉದ್ದ ಮೂತಿ, ಅಗಲ ಹೆಗಲು, ಹಿಂದಿನ ತೊಡೆಯಲ್ಲಿ ತುಂಬಿದ ಬಲ. ಇಂಥದ್ದನ್ನು ದನದ ಸಂತೆಯಲ್ಲಿ ನೋಡಿದ್ದೆನಲ್ಲ!

ನಮ್ಮ ಕಡೆಯ ರೈತ ಎತ್ತು ಕೊಳ್ಳುವಾಗ ಎರಡು ಲೆಕ್ಕ ಹಾಕುತ್ತಾನೆ. ಗಟ್ಟಿ ಎಳೆತ ಬೇಕೆಂದರೆ ದೇವಣಿ. ಮೈಯಲ್ಲಿ ಕಪ್ಪು ಬಿಳಿ ಮಚ್ಚೆ, ದಪ್ಪ ಎಲುಬು, ಮಳೆಗೆ ಅಂಟಾದ ಎರಿ ಹೊಲದಲ್ಲೂ ನಿಲ್ಲದೆ ನಡೆಯುವ ತಾಳ್ಮೆ. ಓಟ ಬೇಕೆಂದರೆ ಕಿಲಾರಿ. ಸಣ್ಣ ಸೊಂಟ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದ ಕೋಡು, ಚಾವಟಿ ಎತ್ತುವ ಮೊದಲೇ ಹೊರಡುವ ಸಿಟ್ಟು.

ಎಂಜಿನಿಯರುಗಳು ಇದನ್ನೇ ಟಾರ್ಕ್ ಮತ್ತು ಪವರ್ ಎನ್ನುತ್ತಾರೆ. ನಿಂತ ಗಾಡಿಯನ್ನು ಕೀಳುವ ಬಲ ಒಂದು, ಓಡುವ ಗಾಡಿಯ ಓಟ ಏರಿಸುತ್ತ ಹೋಗುವ ಕಸುವು ಇನ್ನೊಂದು. ಎರಡೂ ಒಂದೇ ಮೈಯಲ್ಲಿ ಸಿಕ್ಕರೆ? ದೇವಣಿಯ ಎದೆ, ಕಿಲಾರಿಯ ಕಾಲು ಇರುವ ಎತ್ತು ಸಂತೆಗೆ ಬಂದರೆ ಹ್ಯಾಂಗಿರುತ್ತದೆ?

ಅಂಥದ್ದೊಂದು 1964ರಲ್ಲಿ ಡೆಟ್ರಾಯಿಟ್ ಸಂತೆಗೆ ಬಂತು.

ಕಂಪನಿಯ ಕಣ್ಣು ತಪ್ಪಿಸಿ ಹುಟ್ಟಿದ ಕಾರು

ಜನರಲ್ ಮೋಟಾರ್ಸ್‌ನಲ್ಲಿ ಆಗ ಒಂದು ಕಟ್ಟಳೆ ಇತ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸುವಂತಿಲ್ಲ. ಅದೇ ಕಂಪನಿಯ ಪಾಂಟಿಯಾಕ್ ವಿಭಾಗದಲ್ಲಿ ಜಾನ್ ಡಿಲೋರಿಯನ್ ಮತ್ತು ಗೆಳೆಯರು ಒಂದು ಉಪಾಯ ಮಾಡಿದರು. ಹೊಸ ಮಾದರಿ ಎಂದರೆ ತಾನೇ ಮೇಲಿನವರ ಒಪ್ಪಿಗೆ ಬೇಕು? ಟೆಂಪೆಸ್ಟ್ ಎಂಬ ಸಾಧಾರಣ ಕಾರಿಗೆ ಗಿರಾಕಿ ಬಯಸಿದರೆ ಹಾಕಿಸಿಕೊಳ್ಳಬಹುದಾದ ಹೆಚ್ಚುವರಿ ಸಾಮಾನು ಎಂದು ಬರೆದು, 389 ಘನ ಇಂಚಿನ, ಅಂದರೆ 6.4 ಲೀಟರಿನ ಎಂಜಿನ್ ಕೂರಿಸಿಬಿಟ್ಟರು. ಅದೇ ಜಿಟಿಒ. 325 ಅಶ್ವಶಕ್ತಿ.

ಒಂದು ಜೋಡಿ ಎತ್ತಿಗೆ ಸುಮಾರು ಒಂದು ಅಶ್ವಶಕ್ತಿ ಎಂಬುದು ಕೃಷಿಯವರ ಒರಟು ಲೆಕ್ಕ. ಹಾಗೆ ನೋಡಿದರೆ ಒಂದೇ ಮೂತಿಯ ಒಳಗೆ 650 ಎತ್ತು ಹೂಡಿದ್ದರು!

ಅದೇ ವರ್ಷ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಫೋರ್ಡ್ ಮಸ್ಟಾಂಗ್ ತೆರೆ ಸರಿಸಿತು. ಮೊದಲ ದಿನವೇ 22 ಸಾವಿರ ಮಂದಿ ಬುಕ್ ಮಾಡಿದರು. ಕಮಾರೊ, ಚಾರ್ಜರ್ ಹಿಂದೆಯೇ ಬಂದವು. ಡೆಟ್ರಾಯಿಟಿನ ವುಡ್‌ವರ್ಡ್ ಅವೆನ್ಯೂದಲ್ಲಿ ರಾತ್ರಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಹುಡುಗರು ಶರ್ಯತ್ತು ಕಟ್ಟುತ್ತಿದ್ದರು. ಇಂಥ ಬೀದಿ ಓಟಗಾರರನ್ನು ಮೈದಾನಕ್ಕೆ ಕರೆತರಲೆಂದೇ ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ಎನ್‌ಎಚ್‌ಆರ್‌ಎ ಎಂಬ ಸಂಸ್ಥೆ ಕಟ್ಟಿದ್ದರು. ಕಾಲು ಮೈಲಿ, ಅಂದರೆ 402 ಮೀಟರ್ ನೆಟ್ಟಗಿನ ಹಾದಿ, ಎರಡು ಕಾರು, ಒಂದು ದೀಪ. ನಿಯಮ ಅಷ್ಟೇ.

ಆಮೇಲೆ ಇಂಥ ಕಾರುಗಳ ವಿಮೆಯ ಕಂತು ಏರಿತು. ಹೊಗೆಯ ಕಾಯ್ದೆ ಬಿಗಿಯಾಯಿತು. 1973ರಲ್ಲಿ ಅರಬ್ ದೇಶಗಳು ತೈಲದ ನಲ್ಲಿ ತಿರುಗಿಸಿದವು. ಒಂದು ದಶಕ ಮೆರೆದ ಎತ್ತುಗಳು ದೊಡ್ಡಿ ಸೇರಿದವು. ಆದರೆ ಅವನ್ನು ಕೊಂಡವರಲ್ಲಿ ಎಷ್ಟೋ ಮಂದಿ ಮಾರಲಿಲ್ಲ. ಹಿತ್ತಲಲ್ಲಿ ತಾಡಪತ್ರಿ ಹೊದಿಸಿ ಇಟ್ಟುಕೊಂಡರು. 1995ರಿಂದ ಪ್ರತಿ ಆಗಸ್ಟಿನಲ್ಲಿ ಅದೇ ವುಡ್‌ವರ್ಡ್ ರಸ್ತೆಯಲ್ಲಿ ಅವುಗಳ ಜಾತ್ರೆ ಕೂಡುತ್ತದೆ. ಈಗ ಯಾರಿಗೂ ಗಡಿಬಿಡಿ ಇಲ್ಲ. ಎತ್ತಿನ ಮೆರವಣಿಗೆಯ ಹಾಗೆ ಮೆಲ್ಲಗೆ ಸಾಗುತ್ತವೆ.

ನಮ್ಮ ದೇಶದಲ್ಲಿ ಮಸಲ್ ಕಾರ್ ಎಂಬ ಬಿರುದು ಸಿಕ್ಕಿದ್ದು ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸಾಗೆ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ ಕೈಬಿಟ್ಟ ಮಾದರಿಯನ್ನು ತಂದು 1984ರಿಂದ ಬಂಗಾಳದ ಉತ್ತರಪಾರಾದಲ್ಲಿ ಕಟ್ಟಿದರು. ಮೈಕಟ್ಟು ಮಸ್ಟಾಂಗಿನ ದಾಯಾದಿಯದು. ಒಳಗಿದ್ದದ್ದು ಮಾತ್ರ ಅಂಬಾಸಿಡರಿನ ಒಂದೂವರೆ ಲೀಟರ್ ಎಂಜಿನ್ನು, 50 ಅಶ್ವಶಕ್ತಿ ಆಸುಪಾಸು. ಪೈಲ್ವಾನನ ಮೈಗೆ ಮಾಸ್ತರರ ಎದೆ! ಮುಂದೆ ಇಸುಜು ಎಂಜಿನ್ ಬಂದ ಮೇಲೆಯೇ ಮೈಗೆ ತಕ್ಕ ಉಸಿರು ಬಂದದ್ದು. 2002ರವರೆಗೆ ತಯಾರಾಯಿತು.

ನಮ್ಮ ಕಡೆ ಅದರಿಂದ ಖಾದಿ ತೊಟ್ಟವರು ಇಳಿಯುತ್ತಿದ್ದರು. ಅವರು ಸಭೆಯಲ್ಲಿ ಭಾಷಣ ಬಿಗಿಯುವಾಗ ನಾವು ಹುಡುಗರು ಕಾರಿನ ಸುತ್ತ. "ಆನಿ ಸಾಕಿದಂಗ ನೋಡ್ ತಮ್ಮಾ. ಕುಡಿಯೋದೇ ಕುಡಿಯೋದು" ಎಂದು ಡ್ರೈವರ್ ಹೇಳುತ್ತಿದ್ದ. ಹೇಳುವಾಗ ಅವನ ಮುಖದಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು.

ಬಾಕ್ಸ್ | ಯಾರ ಮೈಯಲ್ಲಿ ಎಷ್ಟು ಕಸುವು?

* ಒಂದು ಜೋಡಿ ಎತ್ತು: ಸುಮಾರು 1 ಅಶ್ವಶಕ್ತಿ
* ಯಮಹಾ ಆರ್‌ಎಕ್ಸ್ 100: 98 ಸಿಸಿ, 11
* ಜಾವಾ 250: 12
* ಯೆಜ್ಡಿ ರೋಡ್‌ಕಿಂಗ್: 16
* ರಾಜದೂತ್ 350 ಹೈ ಟಾರ್ಕ್: 30ರ ಆಸುಪಾಸು
* ಪ್ರೀಮಿಯರ್ ಪದ್ಮಿನಿ: 1089 ಸಿಸಿ, 40ರ ಆಸುಪಾಸು
* ಮೊದಲ ಕಾಂಟೆಸಾ: 50ರ ಆಸುಪಾಸು
* ಪಾಂಟಿಯಾಕ್ ಜಿಟಿಒ, 1964: 325

ಮೈಸೂರಿನಿಂದ ಬಂದ ಸದ್ದು

ಕಾಂಟೆಸಾ ಕನಸಿನ ಮಾತು. ಕೈಗೆಟುಕುವ ಕಸುವು ಮೈಸೂರಿನಿಂದ ಬರುತ್ತಿತ್ತು.

ಚೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗ ಕೊಂಡು, ಎರಡು ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ಜಾವಾ ಎಂದಿಟ್ಟರು. ಮುಂಬೈಯ ಇರಾನಿ ಮನೆತನ ಅದನ್ನು ಆಮದು ಮಾಡಿ ಮಾರುತ್ತಿತ್ತು. 1950ರ ದಶಕದಲ್ಲಿ ಆಮದಿಗೆ ಕಡಿವಾಣ ಬಿದ್ದಾಗ ಇಲ್ಲೇ ತಯಾರಿಸುವ ಯೋಚನೆ ಮೂಡಿ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1973ರಿಂದ ಗಾಡಿಗಳು ಯೆಜ್ಡಿ ಎಂಬ ಹೆಸರಲ್ಲಿ ಬಂದವು. ಇರಾನಿಗಳ ಮೂಲ ನೆಲವಾದ ಯಜ್ದ್ ಊರಿನ ನೆನಪು ಅದು ಎನ್ನುತ್ತಾರೆ.

ರೋಡ್‌ಕಿಂಗ್ ಬಂದದ್ದು 1978ರಲ್ಲಿ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಾಕಾ ಸೊಲ್ಲಾಪುರದಿಂದ ಸೆಕೆಂಡ್ ಹ್ಯಾಂಡ್ ತಂದದ್ದು ಇದನ್ನೇ. ಬೆಲೆ ಎಷ್ಟೆಂದು ಮನೆಯಲ್ಲಿ ಇವತ್ತಿಗೂ ಗೊತ್ತಿಲ್ಲ. ಒಂದು ಆಕಳು ಕಡಿಮೆಯಾದದ್ದು ಮಾತ್ರ ಗೊತ್ತು.

ಟೂ ಸ್ಟ್ರೋಕ್ ಗಾಡಿಯನ್ನು ಸಾಕುವುದೇ ಒಂದು ವಿದ್ಯೆ. ಎಂಜಿನ್ನಿನ ಎಣ್ಣೆ ಪೆಟ್ರೋಲಿನಲ್ಲೇ ಕಲಸಿ ಹೋಗಬೇಕು. 25 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಎಂಬುದು ಹಳೆಯ ಲೆಕ್ಕ. ಕಡಿಮೆಯಾದರೆ ಪಿಸ್ಟನ್ ಸೀಜ್ ಆಗಿ ನಡುರಸ್ತೆಯಲ್ಲಿ ಗಾಡಿ ಕಚ್ಚಿಕೊಂಡು ನಿಲ್ಲುತ್ತದೆ. ಹೆಚ್ಚಾದರೆ ಪ್ಲಗ್ ಕಟ್ಟಿ ಕೆಮ್ಮುತ್ತದೆ.

ಕಾರಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿ. ಎತ್ತಿನ ಮೈ ತೊಳೆದು, ಗೊಟ್ಟದಲ್ಲಿ ಎಣ್ಣೆ ತತ್ತಿ ಕುಡಿಸುವ ದಿನ. ಕಾಕಾ ಎತ್ತಿನ ಬಾಯಿಗೆ ಗೊಟ್ಟ ಎತ್ತಿ, ಅದೇ ಕೈ ಒರೆಸಿಕೊಂಡು ಯೆಜ್ಡಿಯ ಟ್ಯಾಂಕಿಗೆ ಎಣ್ಣೆ ಅಳೆಯುತ್ತಿದ್ದ. "ಎತ್ತಿಗಿ ಕುಡಸ್ತೀವಿ, ಇದಕ್ಕ ಕುಡಸಲಾರ್ದೆ ಬಿಟ್ರ ಹ್ಯಾಂಗ?"

ಮಸಿಯ ಕಾಟ ಬೇರೆ. ಸುಡದೆ ಉಳಿದ ಎಣ್ಣೆ ಸೈಲೆನ್ಸರಿನ ಒಳಗಿನ ಜಾಳಿಗೆ ಅಂಟಿ ಉಸಿರು ಕಟ್ಟಿಸುತ್ತದೆ. ಅದನ್ನು ಹೊರಗೆಳೆದು ಬೆಂಕಿಗೆ ಹಾಕಬೇಕು. ಒಂದು ಅಮವಾಸ್ಯೆ ಹೋಳಿಗೆಗೆಂದು ಹೊತ್ತಿಸಿದ ಒಲೆಯಲ್ಲಿ ಕಾಕಾ ಇದನ್ನು ಇಟ್ಟ. ಅವ್ವ ಹೂರಣ ಬಿಟ್ಟು ಉಳ್ಳಾಗಡ್ಡಿ ಕೊಯ್ಯುವ ಈಳಿಗೆ ಮಣೆ ಹಿಡಿದೇ ಹೊರಗೆ ಬಂದಳು. ಅಂದು ಹೋಳಿಗೆಗೆ ಟೂ ಸ್ಟ್ರೋಕ್ ಎಣ್ಣೆಯ ಕಮಟು. ಕಾಕಾ ಮಾತ್ರ ಎರಡು ಹೆಚ್ಚಿಗೆ ತಿಂದ.

1985ರ ಹೊತ್ತಿಗೆ ಜಪಾನಿನ ಕೈ ಹಿಡಿದ ನೂರು ಸಿಸಿ ಗಾಡಿಗಳು ಬಂದವು. ಕುಡಿಯುವುದು ಕಡಿಮೆ, ಹೊಗೆ ಕಡಿಮೆ, ಪಾನಾ ಹಿಡಿದು ಕೂರುವ ಕೆಲಸವೂ ಕಡಿಮೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಸಾಯಲಿಲ್ಲ. ಪ್ರತಿ ಜುಲೈ ಎರಡನೇ ಭಾನುವಾರ ಬೆಂಗಳೂರು, ಮೈಸೂರು ಮೊದಲಾದ ಕಡೆ ಅವು ಸಾಲುಗಟ್ಟಿ ನಿಲ್ಲುತ್ತವೆ. ಎಷ್ಟೋ ಗಾಡಿಗಳ ಮಾಲೀಕರು ಕಾರ್ಖಾನೆ ಮುಚ್ಚಿದ ಮೇಲೆ ಹುಟ್ಟಿದವರು.

ಷೋಲಾವರಂಗೆ ಹೋಗಿ ಬಂದವರು

ಸಾಕಿದ ಗಾಡಿಯನ್ನು ಒಮ್ಮೆಯಾದರೂ ಹರಿಬಿಟ್ಟು ನೋಡಬೇಕಲ್ಲ? ದಕ್ಷಿಣದ ಹವ್ಯಾಸಿಗಳಿಗೆ ಅದರ ಕ್ಷೇತ್ರ ಷೋಲಾವರಂ. ಎರಡನೇ ಮಹಾಯುದ್ಧದ ಕಾಲದ, ಮದ್ರಾಸ್ ಬಳಿಯ ಪಾಳು ವಿಮಾನಪಟ್ಟಿ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ 1980ರ ದಶಕದವರೆಗೂ ಓಟ ನಡೆಸಿತು.

ಅಲ್ಲಿ ಎಲ್ಲ ತರಹದ ಮಂದಿ ಇದ್ದರು. ವಿಜಯ್ ಮಲ್ಯ ಹಳೆಯ ಎನ್‌ಸೈನ್ ಫಾರ್ಮುಲಾ ಒನ್ ಕಾರು ತಂದು ಓಡಿಸಿದ್ದೂ ಅಲ್ಲೇ. ಅದೇ ಕಾಂಕ್ರೀಟಿನ ಮೇಲೆ ಮನೆಯ ಫಿಯೆಟ್ಟು, ಆಫೀಸಿಗೆ ಹೋಗುವ ಜಾವಾ, ಯೆಜ್ಡಿಗಳೂ ಓಡಿದವು. ಬೆಂಗಳೂರಿನಿಂದ ಗಾಡಿ ಓಡಿಸಿಕೊಂಡೇ ಹೋಗಿ, ಕನ್ನಡಿ, ದೀಪ ಬಿಚ್ಚಿಟ್ಟು ಓಟ ಮುಗಿಸಿ, ಮತ್ತೆ ಬಿಗಿದುಕೊಂಡು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುವ ಹವ್ಯಾಸಿಗಳ ಕಾಲ ಅದು.

ಗಾಡಿಗೆ ಹುರುಪು ತುಂಬುವ ಕೆಲಸ ಮೂಲೆಯ ಲೇಥ್ ಅಂಗಡಿಯಲ್ಲಿ ನಡೆಯುತ್ತಿತ್ತು. ಫಿಯೆಟ್ಟಿನ ಸಿಲಿಂಡರ್ ಹೆಡ್ಡನ್ನು ಕೂದಲೆಳೆಯಷ್ಟು ಕೆರೆಸಿದರೆ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ಗಾಳಿ ಹೋಗುವ ದಾರಿ ಉಜ್ಜಿ ನುಣುಪು ಮಾಡಿದರೆ ಉಸಿರಾಟ ಸಲೀಸು. ಒಂದಿದ್ದ ಕಾರ್ಬೊರೇಟರ್ ಎರಡಾದರೆ ಊಟ ಹೆಚ್ಚು. ಇವುಗಳಲ್ಲಿ ಒಂದು ಕೂದಲೆಳೆ ಹೆಚ್ಚಾದರೂ ಪಿಸ್ಟನ್ನಿಗೆ ತೂತು ಬೀಳುತ್ತಿತ್ತು. ಕಲಿಸುವ ಶಾಲೆ ಇರಲಿಲ್ಲ, ತೂತು ಬಿದ್ದ ಪಿಸ್ಟನ್ನೇ ಪಾಠ.

1990ರಲ್ಲಿ ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿ.ಮೀ. ಉದ್ದದ ಸರಿಯಾದ ಟ್ರ್ಯಾಕ್ ಬಂತು. ಅಷ್ಟರಲ್ಲಿ ನಮ್ಮ ಕರ್ನಾಟಕದವರು ಟ್ರ್ಯಾಕಿಗೆ ಕಾಯದೆ ಮಣ್ಣಿನ ದಾರಿ ಹಿಡಿದಿದ್ದರು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರ‍್ಯಾಲಿ, ಕೊಡಗಿನ ಗದ್ದೆಗಳಲ್ಲಿ ಕೊಯ್ಲು ಮುಗಿದ ಮೇಲಿನ ಆಟೋಕ್ರಾಸ್.

ಬಾಕ್ಸ್ | ಮಣ್ಣಿನಿಂದ ಮರಳುಗಾಡಿಗೆ

* ಸಿ.ಎಸ್. ಸಂತೋಷ್: ಬೆಂಗಳೂರಿನವರು. 2015ರಲ್ಲಿ ಡಾಕರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿದರು. ಡಾಕರ್ ಪೂರ್ತಿ ಮಾಡಿದ ಮೊದಲ ಭಾರತೀಯ.
* ಕೆ.ಪಿ. ಅರವಿಂದ್: ಉಡುಪಿಯವರು. 2019ರ ಡಾಕರ್ ಮುಗಿಸಿದರು. ಬಿಗ್ ಬಾಸ್ ನೋಡುವ ಮನೆಗಳಿಗೂ ಪರಿಚಿತರು.
* ಐಶ್ವರ್ಯಾ ಪಿಸ್ಸೆ: ಬೆಂಗಳೂರಿನವರು. 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದು, ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ತಂದ ಮೊದಲ ಭಾರತೀಯರಾದರು.
* ಮೂಸಾ ಷರೀಫ್: ಕಾಸರಗೋಡಿನವರು. ರ‍್ಯಾಲಿ ಕಾರಿನ ಎಡ ಸೀಟಿನಲ್ಲಿ ಕೂತು ಮುಂದಿನ ತಿರುವು ಓದಿ ಹೇಳುವ ನ್ಯಾವಿಗೇಟರ್. ದೇಶದ ಹೆಸರಾಂತ ಸಹಚಾಲಕರಲ್ಲೊಬ್ಬರು.

ಜಾತ್ರೆಯ ಜಗ್ಗಾಟ

ನಮ್ಮ ಬಯಲಿಗೆ ರ‍್ಯಾಲಿ ಬರಲಿಲ್ಲ. ಟ್ರ್ಯಾಕ್ಟರ್ ಬಂತು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಎತ್ತುಗಳ ಗಾಡಿ ಶರ್ಯತ್ತು, ತೆರೆಬಂಡಿಗಳ ಮಗ್ಗುಲಲ್ಲೇ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ ಬೆಳೆಯಿತು. ಆ ಗಾಳಿ ಭೀಮೆ ದಾಟಿ ಇತ್ತಲೂ ಬೀಸಿತು.

ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ನಿಲ್ಲಿಸಿ, ಹಿಂದಿನ ಕೊಂಡಿಗೆ ಸರಪಳಿ ಬಿಗಿಯುತ್ತಾರೆ. ನಡುವೆ ಸುಣ್ಣದ ಗೆರೆ. ಸೀಟಿ ಊದಿದ್ದೇ ತಡ, ಎರಡೂ ಎದುರು ದಿಕ್ಕಿಗೆ ಜಗ್ಗುತ್ತವೆ. ಕರಿ ಹೊಗೆ ಕಂಬದಂತೆ ನಿಲ್ಲುತ್ತದೆ. ಹಿಂದಿನ ಗಾಲಿ ಎರೆಮಣ್ಣು ಕಿತ್ತು ತೂರುತ್ತದೆ. ಸರಪಳಿ ತಂತಿಯ ಹಾಗೆ ಮಿಡಿಯುತ್ತದೆ. ಗೆರೆ ದಾಟಿ ಎಳೆಸಿಕೊಂಡವನು ಸೋತ.

50 ಅಶ್ವಶಕ್ತಿ ಆಸುಪಾಸಿನ ಟ್ರ್ಯಾಕ್ಟರೆಂದರೆ ಮೊದಲ ಕಾಂಟೆಸಾದಷ್ಟೇ ಕಸುವು. ಆದರೆ ಅದೆಲ್ಲ ಕೆಳಗಿನ ಗೇರಿನಲ್ಲಿ ದೇವಣಿಯ ಎಳೆತವಾಗಿ ಬರುತ್ತದೆ. ಇಲ್ಲಿ ಗೆಲ್ಲಿಸುವುದು ಎಂಜಿನ್ನೊಂದೇ ಅಲ್ಲವೆಂದು ಬಲ್ಲವನು ಬಲ್ಲ. ಹಿಂದಿನ ಟಾಯರಿಗೆ ನೀರು ತುಂಬಿಸುತ್ತಾನೆ, ತೂಕ ಕೂತು ಗಾಲಿ ಜಾರುವುದಿಲ್ಲ. ಬಲವಾಗಿ ಜಗ್ಗುವಾಗ ಮೂತಿ ಮೇಲೇಳುತ್ತದೆ, ಅದಕ್ಕೆ ಮುಂದೆ ಕಬ್ಬಿಣದ ತೂಕ ಕಟ್ಟುತ್ತಾನೆ. ಮೂತಿ ಎತ್ತಿದ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿದರೆ ಓಡಿಸುವವನು ಅದರಡಿಯಲ್ಲಿ. ಹುಡುಗರು ಇದನ್ನು ಮರೆತು ಬಾನೆಟ್ಟಿನ ಮೇಲೆ ತಾವೇ ತೂಕವಾಗಿ ಕೂರುವುದನ್ನು ಕಂಡಾಗ ಎದೆ ಝಲ್ಲೆನ್ನುತ್ತದೆ.

ನನಗೆ ಇದಕ್ಕಿಂತ ಇಷ್ಟ ರಿವರ್ಸ್ ಸ್ಪರ್ಧೆ. ಟ್ರಾಲಿ ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ, ನೆಟ್ಟ ಕಡ್ಡಿಗಳ ನಡುವೆ, ಗಡಿಯಾರದ ಎದುರು ಓಡಿಸಬೇಕು. ಸ್ಟೇರಿಂಗ್ ಎಡಕ್ಕೆ ತಿರುವಿದರೆ ಟ್ರಾಲಿ ಬಲಕ್ಕೆ ಹೊರಳುತ್ತದೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ದಿನಕ್ಕೆ ಹತ್ತು ಸಲ ಹಿಂದೆ ಸರಿಸಿದವನ ಕೈಗೇ ಅದು ಒಲಿಯುವುದು. ನಾಲ್ಕು ಬೆರಳಲ್ಲಿ ಸ್ಟೇರಿಂಗ್ ಆಡಿಸುತ್ತ, ಹೆಗಲ ಮೇಲಿಂದ ಹಿಂದೆ ನೋಡುತ್ತ, ಬಾಯಲ್ಲಿ ಗುಟಕಾ ಅಗಿಯುತ್ತಲೇ ಗೆದ್ದವರನ್ನು ಕಂಡಿದ್ದೇನೆ.

ಎತ್ತಿನ ಓಟಕ್ಕೂ ಒಂದು ಕಾನೂನಿನ ಕಥೆ ಇದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಷರತ್ತು ಸ್ಪಷ್ಟ: ಮೂಕಪ್ರಾಣಿಗೆ ಹಿಂಸೆ ಆಗಕೂಡದು.

ಬಾಕ್ಸ್ | ಕಾಯ್ದೆ ಏನನ್ನುತ್ತದೆ?

* ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಒಪ್ಪಿಗೆ ಇಲ್ಲದೆ ಓಟ ಕಟ್ಟುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ 1 ವರ್ಷ ಅಥವಾ 10,000 ರೂಪಾಯಿವರೆಗೆ.
* 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡದ ಬೈಕು, ಕಾರುಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ'. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಸಿಂಧು.
* ಅಂಥ ಗಾಡಿ ನಿತ್ಯದ ಓಡಾಟಕ್ಕಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು ರಸ್ತೆಗಿಳಿಯಬಹುದು.

ಮೆಲ್ಲಗೆ ಬಂದವನೇ ಗೆದ್ದ

ಕಾಕಾ ಜೀವನದಲ್ಲಿ ಗೆದ್ದದ್ದು ಒಂದೇ ಶರ್ಯತ್ತು. ಅದು ಜಾತ್ರೆಯ ಸ್ಲೋ ಬೈಕ್ ರೇಸು.

ಐವತ್ತು ಮೀಟರ್ ಹಾದಿ. ಕಾಲು ನೆಲಕ್ಕೆ ತಾಗಬಾರದು, ಗಾಡಿ ಬಂದಾಗಬಾರದು. ಕೊನೆಗೆ ಮುಟ್ಟಿದವನು ಗೆದ್ದ. ಹೊಸ ಗಾಡಿಯವರು ಒಬ್ಬೊಬ್ಬರೇ ತೊನೆದು ಕಾಲೂರಿದರು. ಕಾಕಾನ ಯೆಜ್ಡಿ ನಿಂತಲ್ಲೇ ಡಗ್, ಡಗ್, ಡಗ್ ಎನ್ನುತ್ತ ಬಸುರಿ ನಡೆದ ಹಾಗೆ ಬಂತು. ಕಾರ್ಬೊರೇಟರಿನ ಐಡ್ಲಿಂಗ್ ಸ್ಕ್ರೂ ಎಷ್ಟು ತಿರುವಿದರೆ ಗಾಡಿ ಸಾಯುತ್ತದೆ, ಎಷ್ಟರಲ್ಲಿ ಜೀವ ಹಿಡಿದುಕೊಂಡಿರುತ್ತದೆ ಎಂಬುದು ಹದಿನೈದು ವರ್ಷ ಅದರ ಉಸಿರು ಕೇಳಿದವನಿಗೆ ಗೊತ್ತಿತ್ತು. ಬಹುಮಾನ ಒಂದು ಸ್ಟೀಲಿನ ಕೊಡ. ಅವ್ವ ಅಂದಿನಿಂದ ಸೈಲೆನ್ಸರಿನ ವಿಷಯ ಎತ್ತಲಿಲ್ಲ.

ರ‍್ಯಾಲಿಯಲ್ಲೂ ಇಂಥ ಒಂದು ಬಗೆ ಇದೆ. ಟಿಎಸ್‌ಡಿ ಎನ್ನುತ್ತಾರೆ: ಸಮಯ, ವೇಗ, ದೂರ. ಮನೆಯ ಕಾರಿನಲ್ಲೇ ಹೋಗಬಹುದು. ಇಷ್ಟು ದೂರಕ್ಕೆ ಇಷ್ಟೇ ಸರಾಸರಿ ವೇಗ ಎಂದು ಚೀಟಿ ಕೊಡುತ್ತಾರೆ. ದಾರಿಯಲ್ಲಿ ಎಲ್ಲೋ ಗಿಡದ ಮರೆಯಲ್ಲಿ ಗಡಿಯಾರ ಹಿಡಿದವರು ಕಾದಿರುತ್ತಾರೆ. ತಡವಾದರೂ ದಂಡ, ಬೇಗ ಬಂದರೂ ದಂಡ. ಬೇಗ ಬಂದವನಿಗೆ ಹೆಚ್ಚು ದಂಡ ಹಾಕುವುದೂ ಉಂಟು. ಎಕ್ಸಲರೇಟರ್ ತುಳಿಯಲು ತುದಿಗಾಲಲ್ಲಿರುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ನಡುವಿನ ಹಳ್ಳಿ ರಸ್ತೆಗಳು ಇಂಥದ್ದಕ್ಕೆ ಹೇಳಿ ಮಾಡಿಸಿದಂತಿವೆ. ಯಾರಾದರೂ ಮನಸ್ಸು ಮಾಡಬೇಕು.

ಸಾಕಿದವರ ಅಂಗಳ

ಶ್ರೀರಂಗಪಟ್ಟಣದ ಹತ್ತಿರ, ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ 'ಪಯಣ' ಎಂಬ ಸಂಗ್ರಹಾಲಯ ಇದೆ. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳ ಕಾಲ ಕೂಡಿಸಿದ ಹಳೆಯ ಕಾರುಗಳು ಅಲ್ಲಿ ಮಿರಿಮಿರಿ ಮಿಂಚುತ್ತ ನಿಂತಿವೆ. ನೋಡಿದರೆ ಕಣ್ಣು ತುಂಬುತ್ತದೆ. ಆದರೆ ನನ್ನ ಕಣ್ಣು ಮಿಂಚುವ ಬಾನೆಟ್ಟು ಬಿಟ್ಟು ನೆಲ ಹುಡುಕುತ್ತದೆ. ಎಲ್ಲಾದರೂ ಒಂದು ಹನಿ ಎಣ್ಣೆ ಸೋರಿದೆಯೇ? ಹಳೆಯ ಗಾಡಿ ಬದುಕಿದೆ ಎಂಬುದಕ್ಕೆ ಅದೇ ಗುರುತು.

ನಮ್ಮಂಥ ಊರಲ್ಲಿ ಇಂಥ ಗಾಡಿಗಳು ದನದ ಕೊಟ್ಟಿಗೆಯಲ್ಲಿ, ತೊಗರಿ ಚೀಲಗಳ ಹಿಂದೆ ಇರುತ್ತವೆ. ಬಿಡಿಭಾಗ ಸೊಲ್ಲಾಪುರದ ಗುಜರಿಯಿಂದ ಬರಬೇಕು, ಸಿಗದಿದ್ದರೆ ಲೇಥಿನಲ್ಲಿ ಕಡೆಸಬೇಕು. ಮಿಸ್ತ್ರಿಗೆ ವಯಸ್ಸಾಗಿದೆ, ಅವನ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಪಾಯಿಂಟ್ ಗ್ಯಾಪನ್ನು ಬ್ಲೇಡಿನ ದಪ್ಪದಲ್ಲಿ ಅಳೆಯುವ ಕೈಗಳು ಮುಂದಿನ ಕಾರಹುಣ್ಣಿಮೆಗೆ ಎಷ್ಟು ಉಳಿದಿರುತ್ತವೋ.

ಎತ್ತುಗಳೂ ಹಾಗೆಯೇ. ಉಳುಮೆ ಟ್ರ್ಯಾಕ್ಟರಿಗೆ ಹೋದ ಮೇಲೆ ವರ್ಷವೆಲ್ಲ ಹೊಟ್ಟು ಮೇವು ಹಾಕಿ ಜೋಡಿ ಕಟ್ಟಿಕೊಂಡಿರುವವರು ಓಣಿಗೆ ಒಬ್ಬಿಬ್ಬರು. ಯಾಕೆ ಕಟ್ಟಿದ್ದೀರಿ ಎಂದರೆ ನಗುತ್ತಾರೆ.

ಹೋದ ಕಾರಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಕರಿ ಹರಿದು, ಹಲಗಿ ನಿಂತು, ಜನ ಚದುರಿದ ಮೇಲೆ ಕತ್ತಲಲ್ಲಿ ಮನೆಯ ಮುಂದೆ ಕೂತಿದ್ದೆವು. ಕಾಕಾನಿಗೆ ಈಗ ಮಂಡಿನೋವು. ಒದೆಯುವ ಕೆಲಸ ನನ್ನದು. ಆರನೇ ಸಲಕ್ಕೆ ಎದ್ದ ಯೆಜ್ಡಿಯನ್ನು ಕೆರೆಯವರೆಗೆ ಓಡಿಸಿ ತಂದು ನಿಲ್ಲಿಸಿದೆ. ಎಂಜಿನ್ ಆರುತ್ತ ಟಿಣ್, ಟಿಣ್ ಎನ್ನುತ್ತಿತ್ತು. ಪಕ್ಕದಲ್ಲಿ ಓಡಿ ದಣಿದ ಎತ್ತು ಬುಸುಗುಡುತ್ತಿತ್ತು. ಕಾಕಾ ಒಂದೇ ಹಳೆಯ ಟವೆಲ್ಲಿನಿಂದ ಮೊದಲು ಎತ್ತಿನ ಕಾಲು ಒರೆಸಿದ, ಆಮೇಲೆ ಸಿಲಿಂಡರಿನ ರೆಕ್ಕೆಗಳ ಧೂಳು ಒರೆಸಿದ.

"ಈ ವರ್ಸ ಯಾವ್ದು ಹರೀತು ಕಾಕಾ?"

"ಬಿಳೀದು." ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಬಿಟ್ಟು ಅಂದ: "ಆ ವರ್ಸ ಖರೇನೇ ಉದ್ದು ಛಲೋ ಬೆಳೆದಿತ್ತು ನೋಡು."